ನಾಲ್ಕು ಕಾರ್ಡು, ಒಂದು ಗಾಂಧಾರ



ಕೀಬೋರ್ಡ್ ಕಲಿಯುವ ನಮ್ಮ ರಾಯಚೂರು ಕಡೆಯ ಹುಡುಗರಿಗೆ ಈಗ ಹಳೇ ಸದ್ದಿನ ಹುಚ್ಚು. ತಾವು ಹುಟ್ಟುವುದಕ್ಕೂ ಮೊದಲಿನ, ಎಂಬತ್ತರ ದಶಕದ ಸಿಂಥಸೈಜರ್ ಸದ್ದು ಅವರಿಗೆ ಬೇಕು. ಆ ಯಂತ್ರಗಳ ನಕಲು ಮೊಬೈಲಿನಲ್ಲೇ ಸಿಗುತ್ತದೆ. ಇಳಿಸಿಕೊಳ್ಳುತ್ತಾರೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಾಲ್ಕು ಕಾರ್ಡ್ ಹಿಡಿಯುತ್ತಾರೆ, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದು ಕೇಳುತ್ತಾರೆ: "ಸರ, ಸೌಂಡು ಅದೇ ಐತ್ರಿ, ಆದ್ರ ತುಂಬಿದಂಗ ಅನಸವಲ್ದು. ಇನ್ನೆಷ್ಟು ಬೆರಳು ಇಡಬೇಕ್ರಿ?"

ಇದು ಬೆರಳಿನ ಲೆಕ್ಕವಲ್ಲ. ಯಾವ ಸ್ವರವನ್ನು ಯಾವ ಸಪ್ತಕದಲ್ಲಿ ಕೂರಿಸಿದಿರಿ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಸ್ವರ ಅಲುಗಿದವು ಎಂಬ ಲೆಕ್ಕ. ಇದಕ್ಕೆ ಲಂಡನ್ನಿನ ಪುಸ್ತಕವೇ ಆಗಬೇಕೆಂದಿಲ್ಲ. ಮಾನ್ವಿ ಮತ್ತು ದೇವದುರ್ಗದ ದಾಸರ ಹೆಗಲ ಮೇಲಿದ್ದ ತಂಬೂರಿಯಲ್ಲೇ ಇದರ ಪಾಠವಿದೆ ಎಂದು ಹೇಳುವುದಕ್ಕೆ ಇವತ್ತು ಮೈಕಿನ ಮುಂದೆ ಕೂತಿದ್ದೇನೆ.

ಸಂಗೀತ ಕಲಿಯದವರಿಗಾಗಿ ಒಂದು ಮಾತು. ಸಾ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಒಂದು ಕಾರ್ಡ್. ಸಾ ಬುಡದಲ್ಲಿರುವುದರಿಂದ ಅದನ್ನು ಸಾ ಕಾರ್ಡ್ ಎನ್ನೋಣ. ಅದೇ ರೀತಿ ಧ, ಸಾ, ಗ ಸೇರಿದರೆ ಧ ಕಾರ್ಡ್. ಮ, ಧ, ಸಾ ಸೇರಿದರೆ ಮ ಕಾರ್ಡ್. ಪ, ನಿ, ರೇ ಸೇರಿದರೆ ಪ ಕಾರ್ಡ್. ಸಾ, ಧ, ಮ, ಪ: ಈ ನಾಲ್ಕರ ಸುತ್ತಿನ ಮೇಲೆ ಜಗತ್ತಿನಲ್ಲಿ ಎಷ್ಟು ಹಾಡುಗಳು ನಿಂತಿವೆಯೋ ದೇವರೇ ಬಲ್ಲ. ಹಾರ್ಮೋನಿಯಂ ಇದ್ದವರು ಬಿಳಿ ಒಂದನ್ನು ಸಾ ಮಾಡಿಕೊಳ್ಳಿ. ಆಗ ಎಲ್ಲ ಸ್ವರಗಳೂ ಬಿಳಿ ಮನೆಗಳಲ್ಲೇ ಬರುತ್ತವೆ.

ಈಗ ತಂಬೂರಿ. ವಿಜಯದಾಸರು ಮಾನ್ವಿ ಸೀಮೆಯ ಚೀಕಲಪರ್ವಿಯವರು, ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು, ಹರಿಕಥಾಮೃತಸಾರ ಬರೆದ ಜಗನ್ನಾಥದಾಸರಂತೂ ಮಾನ್ವಿಯ ಹೆಸರಿನೊಂದಿಗೇ ನೆನಪಿಗೆ ಬರುವವರು. ಇವರ ಪದಗಳ ಹಿಂದೆ ಇದ್ದದ್ದು ತಂಬೂರಿಯ ಶ್ರುತಿ. ನಾಲ್ಕು ತಂತಿಯ ತಂಬೂರಿಯನ್ನು ಸಾಮಾನ್ಯವಾಗಿ ಪ, ಸಾ, ಸಾ, ಮಂದ್ರ ಸಾ ಎಂದು ಕೂಡಿಸುತ್ತಾರೆ. ಅದರಲ್ಲಿ ಗಾಂಧಾರದ ತಂತಿ ಇಲ್ಲ. ಆದರೂ ಜವಾರಿ, ಅಂದರೆ ತಂತಿಯ ಝೇಂಕಾರ, ಚೆನ್ನಾಗಿ ತೆಗೆದ ತಂಬೂರಿಯ ಪಕ್ಕ ಐದು ನಿಮಿಷ ಸುಮ್ಮನೆ ಕೂತವರ ಕಿವಿಗೆ ಗಾಂಧಾರ ಬೀಳುತ್ತದೆ. ಸ್ವಯಂಭೂ ಗಾಂಧಾರ ಎನ್ನುವುದು ಇದನ್ನೇ.

ಇದರಲ್ಲಿ ಪವಾಡವೇನಿಲ್ಲ. ಒಂದು ತಂತಿ ಮೀಟಿದಾಗ ಅದು ತನ್ನ ಪೂರ್ಣ ಉದ್ದದಲ್ಲಿ ಮಾತ್ರ ಅದುರುವುದಿಲ್ಲ. ಅರ್ಧ, ಮೂರನೇ ಒಂದು, ಕಾಲು, ಐದನೇ ಒಂದು ಭಾಗವಾಗಿಯೂ ಅದುರುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಮಂದ್ರ ಸಾ ಸೆಕೆಂಡಿಗೆ 66 ಸಲ ಅದುರುತ್ತದೆ ಎಂದುಕೊಳ್ಳಿ. ಅದರ ಎರಡರಷ್ಟು 132, ಮತ್ತೆ ಸಾ. ಮೂರರಷ್ಟು 198, ಪ. ನಾಲ್ಕರಷ್ಟು 264, ಇನ್ನೂ ಮೇಲಿನ ಸಾ. ಐದರಷ್ಟು 330, ಅದೇ ನಮ್ಮ ಗಾಂಧಾರ. ಆರರಷ್ಟು 396, ಪುನಃ ಪ. ಈ ಏಣಿಯನ್ನು ಗಮನವಿಟ್ಟು ನೋಡಿ. ಕೆಳಗಿನ ಎರಡು ಮೆಟ್ಟಿಲ ನಡುವೆ ಪೂರ್ತಿ ಒಂದು ಸಪ್ತಕದ ಅಂತರ. ಮುಂದಿನದು ಪಂಚಮದಷ್ಟು, ಅದರ ಮುಂದಿನದು ಮಧ್ಯಮದಷ್ಟು. ಗಾಂಧಾರ ಹುಟ್ಟುವುದು ಎರಡು ಸಪ್ತಕ ದಾಟಿದ ಮೇಲೆ. ಕೆಳಗೆ ವಿಶಾಲ, ಮೇಲೆ ಹೋದಂತೆ ಇಕ್ಕಟ್ಟು. ತುಂಬಿದ ಕಾರ್ಡಿನ ಗುಟ್ಟೂ ಇದೇ.

ನಮ್ಮ ಹುಡುಗರು ಮಾಡುವುದು ಇದರ ಉಲ್ಟಾ. ಎಡಗೈಯನ್ನು ಕೀಬೋರ್ಡಿನ ತೀರಾ ಕೆಳಗೆ ಇಟ್ಟು ಸಾ, ಗ, ಪ ಮೂರನ್ನೂ ಅಲ್ಲೇ ಒತ್ತುತ್ತಾರೆ. ಅಷ್ಟು ಕೆಳಗೆ ಸಾ 66 ಆದರೆ ಗ ಸುಮಾರು 82. ಇವೆರಡರ ನಡುವೆ ಬರೀ 16 ಅದುರುವಿಕೆಯ ವ್ಯತ್ಯಾಸ. ಕೆಳ ಸಪ್ತಕಗಳಲ್ಲಿ ಎರಡು ಸ್ವರಗಳ ವ್ಯತ್ಯಾಸ ನೂರಕ್ಕಿಂತ ಬಹಳ ಕಡಿಮೆಯಾದರೆ ನಮ್ಮ ಒಳಗಿವಿ ಅವನ್ನು ಸಲೀಸಾಗಿ ಬಿಡಿಸಲಾರದು. ಎರಡು ಸ್ವರದ ಬದಲು ಒಂದು ಗುರುಗುರು ಕೇಳಿಸುತ್ತದೆ. ಅದೇ ಸಾ ಮತ್ತು ಗ ಮೂರು ಸಪ್ತಕ ಮೇಲೆ 528 ಮತ್ತು 660, ವ್ಯತ್ಯಾಸ 132. ಅಲ್ಲಿ ಎರಡೂ ನಿಚ್ಚಳವಾಗಿ ಬೇರೆ ಬೇರೆ. ಆದ್ದರಿಂದ ಎಡಗೈಗೆ ಒಂದೇ ಸ್ವರ ಸಾಕು. ಬಹಳವೆಂದರೆ ಸಾ ಜೊತೆ ಪ. ಗಾಂಧಾರವನ್ನು ಮೇಲಕ್ಕೆ ಕಳಿಸಿ.

ಕೈಗಳ ಮಾತು ಬಂದಿದ್ದರಿಂದ ಹಾರ್ಮೋನಿಯಂ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಭಜನೆ, ತತ್ವಪದದ ಮೇಳಗಳಲ್ಲಿ ಕೈಪೇಟಿ ನುಡಿಸುವವರ ಎಡಗೈ ತಿದಿ ಒತ್ತುವುದರಲ್ಲೇ ಇರುತ್ತದೆ. ಉಳಿಯುವುದು ಬಲಗೈ ಒಂದೇ. ಅದು ಹಾಡಿನ ಬೆನ್ನು ಹತ್ತಿ ಹೋಗಬೇಕು. ಕಾರ್ಡಿಗೆ ಪುರುಸೊತ್ತೆಲ್ಲಿ? ಕಂಪನಿ ನಾಟಕದ ಪೇಟಿ ಮಾಸ್ತರರದ್ದು ಕಾಲಪೇಟಿ. ತಿದಿ ಕಾಲಿನ ಕೆಳಗೆ ಹೋದದ್ದರಿಂದ ಎರಡೂ ಕೈ ಬಿಡುವಾದವು. ನಮ್ಮ ಕಡೆ ಎರಡು ಕೈಯ ನುಡಿಸಾಣಿಕೆಗೆ ದಾರಿಯಾದದ್ದು ಸಿನಿಮಾಕ್ಕಿಂತ ಮೊದಲು ಅಲ್ಲೇ ಎಂಬುದು ನನ್ನ ಅಂದಾಜು. ಇನ್ನು, ನಾನು ಈಗ ಮಾತಾಡುತ್ತಿರುವ ಈ ಆಕಾಶವಾಣಿಯಲ್ಲೇ ಹಾರ್ಮೋನಿಯಂಗೆ ಒಂದು ಕಾಲದಲ್ಲಿ ಪ್ರವೇಶವಿರಲಿಲ್ಲ. 1940ರಲ್ಲಿ ನಿಷೇಧ ಬಂತು. 1971ರವರೆಗೂ ಅದು ಸಡಿಲಾಗಲಿಲ್ಲ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬರುವುದಿಲ್ಲ, ಶ್ರುತಿಗಳು ನಮ್ಮವಲ್ಲ ಎಂಬ ದೂರು ಸುಳ್ಳೇನಲ್ಲ. ಸಮ ಅಂತರದಲ್ಲಿ ಕೂಡಿಸಿದ ಪೇಟಿಯ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಏರಿರುತ್ತದೆ. ಈ ಕೂದಲೆಳೆ ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಇನ್ನು ವಿದ್ಯುತ್ ವಾದ್ಯಗಳ ಕಡೆ ಬರೋಣ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂದದ್ದು 1969ರಲ್ಲಿ. ಅಮೆರಿಕದ ಡೇವಿಡ್ ಟ್ಯೂಡರ್ ಅದನ್ನು ಕೂಡಿಸಿಕೊಟ್ಟರು. ಅದು ಒಂದು ಸಲಕ್ಕೆ ಒಂದೇ ಸ್ವರ ಹಾಡುವ ಯಂತ್ರ. ಕಾರ್ಡಿನ ಮಾತೇ ಇಲ್ಲ. ನಮ್ಮ ಸಂಗೀತಕ್ಕೆ ಅದು ಕೊರತೆಯೂ ಆಗಿರಲಿಲ್ಲ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಡಿಸ್ಕೊ ತಾಳದ ಮೇಲೆ ಹತ್ತು ರಾಗಗಳ ಒಂದು ಗಾನತಟ್ಟೆ ಮಾಡಿದರು. ರೋಲ್ಯಾಂಡ್ ಕಂಪನಿಯ ಜುಪಿಟರ್-8, ಟಿಬಿ-303, ಟಿಆರ್-808 ಮೂರೇ ಯಂತ್ರ. ಕಾರ್ಡ್ ಬದಲಾವಣೆ ಎಂಬುದನ್ನೇ ನೆಚ್ಚಿಕೊಳ್ಳದೆ, ಒಂದೇ ಶ್ರುತಿಯ ಮೇಲೆ ರಾಗ ಓಡುತ್ತದೆ. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನವರು ಕಣ್ಣರಳಿಸಿದರು. ಹಳೇ ಸದ್ದು ಬೇಕೆಂದರೆ ಕಾರ್ಡ್ ಬೇಕೇ ಬೇಕೆಂದಿಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ.

ಆದರೆ ಹುಡುಗರು ಕೇಳುವ ಆ ಮೆತ್ತನೆಯ, ಹರಡಿಕೊಂಡ ಸದ್ದು ಹುಟ್ಟಿದ್ದು ಹಲವು ಸ್ವರಗಳನ್ನು ಒಟ್ಟಿಗೆ ಹಾಡುವ ಯಂತ್ರಗಳಿಂದ. 1978ರ ಪ್ರಾಫೆಟ್-5ಕ್ಕೆ ಹೆಸರೇ ಹೇಳುವಂತೆ ಐದು ಸ್ವರ. 1982ರ ಜೂನೊ-60ಕ್ಕೆ ಆರು. ಜುಪಿಟರ್-8ಕ್ಕೆ ಎಂಟು. 1983ರಲ್ಲಿ ಯಮಾಹಾದ ಡಿಎಕ್ಸ್-7 ಬಂದಾಗ ಒಮ್ಮೆಗೇ ಹದಿನಾರು. ಐದು ಸ್ವರದ ಯಂತ್ರದ ಮೇಲೆ ಆರನೆಯ ಬೆರಳಿಟ್ಟರೆ ಮೊದಲು ಒತ್ತಿದ್ದರಲ್ಲಿ ಒಂದು ಸತ್ತುಹೋಗುತ್ತಿತ್ತು. ಹಾಗಾಗಿ ಆ ಕಾಲದವರು ಯಾವ ಸ್ವರ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಿಯೇ ಕೈಯಿಡಬೇಕಾಗಿತ್ತು. ಈಗಿನ ಮೊಬೈಲಿಗೆ ಆ ಬಡತನವಿಲ್ಲ, ಹುಡುಗರ ಕೈಗೆ ಆ ಶಿಸ್ತೂ ಇಲ್ಲ.

ಕನ್ನಡದ ಕಿವಿಗೆ ಈ ಸದ್ದು ಹತ್ತಿಸಿದವರು ಯಾರು? ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ ಬಿದ್ದು ಅಪ್ಪಯ್ಯ ಲಂಡನ್ನಿಗೆ ಹೋಗಿ 1974ರಲ್ಲಿ ಕುಂಗ್ ಫೂ ಫೈಟಿಂಗ್ ಹಾಡಿನಿಂದ ಹೆಸರು ಮಾಡಿ, 1981ರ ಡಿಸ್ಕೊ ದೀವಾನೆಯಲ್ಲಿ ನಾಜಿಯಾ ಹಸನ್ ದನಿಯ ಸುತ್ತ ಇಂಥ ಸದ್ದನ್ನು ಹೆಣೆದರು. ಅದೇ ವರ್ಷ ಶಂಕರ್ ನಾಗ್ ಅವರ ಗೀತಾ ಸಿನಿಮಾ ಬಂತು, ಸಂಗೀತ ಇಳಯರಾಜ. 1983ರಲ್ಲಿ ಪಲ್ಲವಿ ಅನುಪಲ್ಲವಿ, ಅದೂ ಅವರದೇ. ಇಳಯರಾಜ ನಮಗೆ ಹೊರಗಿನವರಲ್ಲ: ಸ್ವತಂತ್ರರಾಗುವ ಮೊದಲು ಅವರು ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಅನೇಕ ಕನ್ನಡ ಚಿತ್ರಗಳಿಗೆ ದುಡಿದವರು. ಅವರ ಹಾಡುಗಳಲ್ಲಿ ಬಾಸ್ ಗಿಟಾರ್ ಬರೀ ತಳ ಕಾಯುವುದಿಲ್ಲ. ತಾನೇ ಒಂದು ಹಾಡು ಹಾಡುತ್ತದೆ. ಒಳಗಿನ ಸ್ವರಗಳು ಒಂದೊಂದೇ ಹೆಜ್ಜೆ ಸರಿಯುತ್ತವೆ. 1987ರಲ್ಲಿ ಹಂಸಲೇಖ ಅವರ ಸಂಗೀತದ ಪ್ರೇಮಲೋಕ ಬಂದ ಮೇಲಂತೂ ಸಿಂಥಸೈಜರ್ ಸದ್ದು ಹಳ್ಳಿಯ ಟೇಪ್ ರೆಕಾರ್ಡರಿಗೂ ಬಂತು. ನಮ್ಮ ಆರ್ಕೆಸ್ಟ್ರಾದವರು ಆ ಹಾಡುಗಳನ್ನು ಸಣ್ಣ ಕ್ಯಾಸಿಯೊಗಳ ಮೇಲೆ ನುಡಿಸುತ್ತಿದ್ದ ದಿನಗಳಲ್ಲಿ ಕೈಗೆ ಸಿಕ್ಕಿದ್ದು ಮೂರು ಸ್ವರದ ಬರೀ ಕಾರ್ಡು. ಒಳಗಿನ ಸಂಚಾರ ಕ್ಯಾಸೆಟ್ಟಿನಲ್ಲೇ ಉಳಿಯಿತು.

ಆ ಒಳಗಿನ ಸಂಚಾರವನ್ನೇ ಈಗ ತೋರಿಸುತ್ತೇನೆ. ಅದೇ ಸಾ, ಧ, ಮ, ಪ ಸುತ್ತು. ಎಡಗೈ ಮಂದ್ರದಲ್ಲಿ ಈ ನಾಲ್ಕು ಸ್ವರಗಳನ್ನು ಒಂದಾದ ಮೇಲೊಂದು ಹಿಡಿಯಲಿ. ಅದಕ್ಕೆ ಬೇರೆ ಕೆಲಸವಿಲ್ಲ. ಬಲಗೈ ಮಧ್ಯ ಸಪ್ತಕದಲ್ಲಿ ಗ, ಪ, ನಿ, ಮತ್ತು ಮೇಲಿನ ರೇ ಹಿಡಿಯಲಿ. ಕೆಳಗೆ ಸಾ ಇರುವುದರಿಂದ ಬಲಗೈಯಲ್ಲಿ ಸಾ ಬೇಕಿಲ್ಲ, ಬಿಟ್ಟಿದ್ದೇವೆ. ನಿಷಾದ ಮತ್ತು ರಿಷಭ ಹೊಸದಾಗಿ ಸೇರಿವೆ. ಮಂಜು ಕವಿದಂಥ ಆ ಗುಣ ಬರುವುದು ಇವೆರಡರಿಂದ.

ಎಡಗೈ ಧ ಕ್ಕೆ ಇಳಿಯಲಿ. ಬಲಗೈಯಲ್ಲಿ ಮೇಲಿನ ರೇ ಮಾತ್ರ ಒಂದು ಮನೆ ಇಳಿದು ಸಾ ಆಗಲಿ. ಗ, ಪ, ನಿ ಇದ್ದಲ್ಲೇ ಇರಲಿ. ಎಡಗೈ ಮ ಕ್ಕೆ ಹೋಗಲಿ. ಈಗ ನಿ ಮಾತ್ರ ಒಂದು ಮನೆ ಇಳಿದು ಧ ಆಗಲಿ. ಎಡಗೈ ಪ ಕ್ಕೆ ಬರಲಿ. ಈ ಸಲ ಬಲಗೈಯ ಪ ಇಳಿದು ಮ ಆಗಲಿ. ಮೂರು ಬದಲಾವಣೆ, ಪ್ರತಿ ಸಲ ಒಂದೇ ಬೆರಳು, ಒಂದೇ ಮನೆ. ಸುತ್ತು ಮುಗಿಸಿ ಮತ್ತೆ ಸಾ ಗೆ ಬರುವಾಗ ಇಳಿದಿದ್ದ ಮೂರೂ ಸ್ವರ ಒಟ್ಟಿಗೆ ಒಂದೊಂದು ಮನೆ ಏರುತ್ತವೆ: ಮ ಪ ಕ್ಕೆ, ಧ ನಿ ಗೆ, ಸಾ ರೇ ಗೆ.

(ಇಲ್ಲಿ ಮೊದಲು ಮೂರು ಸ್ವರದ ಬರೀ ಕಾರ್ಡುಗಳನ್ನೂ, ಬಳಿಕ ಈ ಸುತ್ತನ್ನೂ ನುಡಿಸಿ ತೋರಿಸಲಾಯಿತು.)

ಕೇಳಿದಿರಲ್ಲ? ಮೊದಲನೆಯದರಲ್ಲಿ ಕೈ ಕುಪ್ಪಳಿಸುತ್ತದೆ, ಎರಡನೆಯದರಲ್ಲಿ ಸರಿಯುತ್ತದೆ. ಇಡೀ ಸುತ್ತಿನಲ್ಲಿ ಒಂದು ಸ್ವರ ಅಲುಗಲೇ ಇಲ್ಲ. ಯಾವುದು? ಗಾಂಧಾರ. ಸಾ ಮೇಲೆ ಅದು ಕಾರ್ಡಿನ ಹೃದಯ, ಧ ಮೇಲೆ ಪಂಚಮದ ಸ್ಥಾನದಲ್ಲಿದೆ, ಮ ಮೇಲೆ ನಿಷಾದದ ಹಾಗೆ ಕೊರೆಯುತ್ತದೆ, ಪ ಮೇಲೆ ಧೈವತದ ಬಣ್ಣ ಪಡೆಯುತ್ತದೆ. ತಾನು ನಿಂತೇ ಇರುತ್ತದೆ; ಕೆಳಗಿನವರು ಬದಲಾದಂತೆ ಅದರ ಅರ್ಥ ಬದಲಾಗುತ್ತದೆ. ತಂಬೂರಿಯಲ್ಲಿ ತಂತಿಯೇ ಇಲ್ಲದೆ ಹುಟ್ಟುವ ಸ್ವರ ಇಲ್ಲಿ ಇಡೀ ಹಾಡಿನ ಶ್ರುತಿಯಾಗಿ ನಿಲ್ಲುತ್ತದೆ. ಎಡಗೈಯದು ಒಂದು, ಬಲಗೈಯವು ನಾಲ್ಕು, ಒಟ್ಟು ಐದು ಸ್ವರ: ಪ್ರಾಫೆಟ್-5ಕ್ಕೆ ಸರಿಯಾಗಿ ಅಷ್ಟೇ. ಆರನೆಯ ಬೆರಳು ಬೇಕಾಗಲೇ ಇಲ್ಲ.

ಎರಡನೆಯ ಕಾರ್ಡಿನಲ್ಲಿ ನಿ ಮತ್ತು ಸಾ ಅಕ್ಕಪಕ್ಕ ಬರುತ್ತವೆ, ನಾಲ್ಕನೆಯದರಲ್ಲಿ ಗ ಮತ್ತು ಮ. ಬಿಡಿಯಾಗಿ ಒತ್ತಿದರೆ ಎರಡೂ ಜಗಳವಾಡುತ್ತವೆ. ಹುಡುಗರು ಅಲ್ಲೇ ಹೆದರಿ ಕೈ ತೆಗೆಯುತ್ತಾರೆ. ತೆಗೆಯಬೇಡಿ. ಒಗ್ಗರಣೆಯ ಸಾಸಿವೆಯಂತೆ ಆ ಜಗಳ. ಬರೀ ಬಾಯಿಗೆ ಹಾಕಿಕೊಂಡರೆ ಕಹಿ, ಸಾರಿನಲ್ಲಿ ಅದೇ ಘಮ. ಆ ಎರಡು ಸ್ವರಗಳನ್ನು ಮಾತ್ರ ಸ್ವಲ್ಪ ಮೆಲ್ಲಗೆ ಒತ್ತಿ.

ರಾಗದ ಮೇಲೆ ನಿಂತ ಹಾಡಾದರೆ ಎಚ್ಚರ ಬೇಕು. ಭೂಪದಲ್ಲಿ ಒಂದು ದಾಸರ ಪದವಿದೆ ಎಂದುಕೊಳ್ಳಿ. ಭೂಪಕ್ಕೆ ಮಧ್ಯಮ, ನಿಷಾದ ಇಲ್ಲ. ಅಲ್ಲಿ ಈಗ ಹೇಳಿದ ನಿಷಾದವನ್ನು ತಂದು ಸುರಿದರೆ ರಾಗ ಕೆಡುತ್ತದೆ. ಕೇಳುವ ಹಿರಿಯರು ಎದ್ದುಹೋಗುವುದು ನ್ಯಾಯವೇ. ಆದರೆ ಭೂಪದ ಐದು ಸ್ವರಗಳಲ್ಲೇ ಒಂದು ಸೊಗಸಿದೆ. ಸಾ ದಿಂದ ಪಂಚಮ ಹತ್ತಿದರೆ ಪ, ಪ ದಿಂದ ಪಂಚಮ ಹತ್ತಿದರೆ ರೇ, ಅಲ್ಲಿಂದ ಧ, ಅಲ್ಲಿಂದ ಗ. ಐದೂ ಸ್ವರ ಮುಗಿದವು, ಭೂಪ ಪೂರ್ತಿಯಾಯಿತು. ಇದೇ ಕ್ರಮದಲ್ಲಿ, ಕೆಳಗೆ ಸಾ ಪ, ಮೇಲೆ ರೇ ಧ ಗ ಎಂದು ಹರಡಿ ಹಿಡಿದು ನೋಡಿ. ಎಂಬತ್ತರ ದಶಕದ ವಿಜ್ಞಾನ ಕಥೆಯ ಸಿನಿಮಾಗಳಲ್ಲಿ ಆಕಾಶ ತೋರಿಸುವಾಗ ಬರುತ್ತಿದ್ದಂಥ ಸದ್ದು ಅದು. ರಾಗದಿಂದ ಒಂದು ಸ್ವರವೂ ಹೊರಗೆ ಹೋಗಿಲ್ಲ. ಬಲಗೈ ಅಷ್ಟು ಹರಡದಿದ್ದರೆ ಗ ವನ್ನು ರೇ ಪಕ್ಕಕ್ಕೆ ಇಳಿಸಿಕೊಳ್ಳಿ, ನಷ್ಟವೇನಿಲ್ಲ.

ಭೀಮಪಲಾಸದಂಥ ಕೋಮಲ ಗ, ಕೋಮಲ ನಿ ಇರುವ ಹಾಡಿಗೆ ಇನ್ನೂ ಸುಲಭದ ದಾರಿ. ಬಲಗೈಯಲ್ಲಿ ಕೋಮಲ ಗ, ಪ, ಕೋಮಲ ನಿ ಹಿಡಿದು ಬಿಟ್ಟುಬಿಡಿ, ಅಲುಗಿಸಬೇಡಿ. ಎಡಗೈ ಮಾತ್ರ ಸಾ, ಕೋಮಲ ಧ, ಕೋಮಲ ಗ, ಮ ಎಂದು ನಡೆಯಲಿ. ಕೋಮಲ ಧ ಭೀಮಪಲಾಸದ್ದಲ್ಲ, ಗೊತ್ತು. ಅದು ಬಾಸಿನಲ್ಲಿ ಒಂದು ಗಳಿಗೆ ಬಂದು ಹೋಗುವ ಅತಿಥಿ. ಶುದ್ಧ ರಾಗದಾರಿ ಬೇಕೆನ್ನುವವರು ಅದನ್ನು ಬಿಟ್ಟು ಉಳಿದ ಮೂರರಲ್ಲೇ ತಿರುಗಲಿ. ನಮ್ಮ ಪದ್ಧತಿಯಲ್ಲಿ ಶ್ರುತಿ ಕೆಳಗೆ ನಿಂತಿರುತ್ತದೆ, ಹಾಡು ಮೇಲೆ ಓಡಾಡುತ್ತದೆ. ಇಲ್ಲಿ ತಂಬೂರಿಯನ್ನು ತಲೆಕೆಳಗು ಮಾಡಿದ್ದೇವೆ: ಮೇಲೆ ನಿಂತಿದೆ, ಕೆಳಗೆ ಓಡಾಡುತ್ತಿದೆ. ಕಿವಿ ಇದನ್ನು ಬೇಗ ಒಪ್ಪುತ್ತದೆ.

ಇನ್ನು ಸದ್ದಿನ ಗುಣ. ಪಂಡಿತ ನರಸಿಂಹಲು ವಡವಾಟಿಯವರ ಕ್ಲಾರಿಯೊನೆಟ್ ಕೇಳಿ ಬೆಳೆದ ಊರು ನಮ್ಮದು. ಆ ವಾದ್ಯದ ಕೆಳ ಸಪ್ತಕದ ದನಿಯಲ್ಲಿ ಮೂಲಸ್ವರದ ಮೂರರಷ್ಟು, ಐದರಷ್ಟು, ಏಳರಷ್ಟು ಅದುರುವಿಕೆಗಳೇ ಪ್ರಧಾನ. ಎರಡು, ನಾಲ್ಕರಷ್ಟು ಬಹಳ ಕ್ಷೀಣ. ಸಿಂಥಸೈಜರಿನಲ್ಲಿ ಸ್ಕ್ವೇರ್ ವೇವ್ ಎಂಬುದೂ ಹಾಗೆಯೇ, ಬೆಸ ಸಂಖ್ಯೆಗಳ ಮೇಲೆ ನಿಂತದ್ದು. ಅದಕ್ಕೇ ಎರಡೂ ಅಣ್ಣತಮ್ಮಂದಿರಂತೆ ಕೇಳುತ್ತವೆ. ಮೂರರಷ್ಟು ಎಂದರೆ ಪ, ಐದರಷ್ಟು ಎಂದರೆ ಗ ಎಂದು ಆಗಲೇ ನೋಡಿದೆವು. ಅಂದರೆ ಈ ಬಗೆಯ ಸದ್ದಿನಲ್ಲಿ ಒಂದು ಬೆರಳು ಒತ್ತಿದರೂ ಕಾರ್ಡಿನ ನೆರಳು ಅದರಲ್ಲೇ ಇದೆ. ಅದರ ಮೇಲೆ ಐದು ಸ್ವರ ಪೇರಿಸಿದರೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಕಲಸುಮೇಲೋಗರ. ಸ್ಕ್ವೇರ್ ಅಥವಾ ಗರಗಸದ ಹಲ್ಲಿನಂಥ ಸಾ-ಟೂತ್ ವೇವ್ ಇಟ್ಟುಕೊಂಡು ಐದು ಸ್ವರ ಹಿಡಿಯುವುದಾದರೆ ಫಿಲ್ಟರ್ ತಿರುಗಿಸಿ ಮೇಲಿನ ಕಿರಿಚಾಟ ಕಡಿಮೆ ಮಾಡಿ. ಡಿಎಕ್ಸ್-7ರ ಇಲೆಕ್ಟ್ರಿಕ್ ಪಿಯಾನೋದಂಥ ತೆಳು ಸದ್ದಿಗೆ ಅಷ್ಟು ಸ್ವರ ತಡೆಯುತ್ತದೆ.

ಜೂನೊದಲ್ಲಿ ಕೋರಸ್ ಎಂಬ ಗುಂಡಿ ಇದೆ. ಒತ್ತಿದರೆ ಅದೇ ಸ್ವರದ ಇನ್ನೊಂದು ಪ್ರತಿ ಕೊಂಚ ಮೇಲೆ ಕೆಳಗೆ ತೂಗಾಡುತ್ತ ಜೊತೆಗೂಡುತ್ತದೆ. ಆಗ ಹೇಳಿದ ಕೂದಲೆಳೆ ನೆನಪಿದೆಯೇ? ಪೇಟಿಯ, ಕೀಬೋರ್ಡಿನ ಗಾಂಧಾರ ಏರಿದೆ ಎಂದಿದ್ದೆ. ಕೋರಸ್ ಅದನ್ನು ತಿದ್ದುವುದಿಲ್ಲ, ಆದರೆ ಒಂದೇ ಕಡೆ ನಿಲ್ಲಗೊಡದೆ ತೂಗಿಸುವುದರಿಂದ ಆ ತಪ್ಪು ಚುಚ್ಚುವುದಿಲ್ಲ. ಆ ಸದ್ದು ಇಂದಿಗೂ ಹಿತವೆನಿಸಲು ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ.

ಕೊನೆಯದಾಗಿ, ಮನೆಯಲ್ಲಿ ಹೆಡ್‌ಫೋನಿನಲ್ಲಿ ಚೆಂದ ಕೇಳಿದ್ದು ಜಾತ್ರೆಯಲ್ಲಿ ಯಾಕೆ ಬೋಳಾಗುತ್ತದೆ ಎಂಬ ಪ್ರಶ್ನೆ. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಂಥ ಒಳಾಂಗಣದಲ್ಲಿ ದೊಡ್ಡ ಸ್ಪೀಕರ್ ಇಟ್ಟು ನುಡಿಸಿದರೆ ಈ ತೊಂದರೆ ಬರುವುದಿಲ್ಲ. ಬಯಲಿನ ಜಾತ್ರೆಗಳಲ್ಲಿ ಕಂಬಕ್ಕೆ ಕಟ್ಟಿದ ತುತ್ತೂರಿ ಸ್ಪೀಕರ್ ಮಂದ್ರದ ಸ್ವರಗಳನ್ನು ಹೊರಗೆ ಬಿಡುವುದೇ ಇಲ್ಲ. ಮೊಬೈಲಿನ ಸ್ಪೀಕರೂ ಅಷ್ಟೇ. ನಮ್ಮ ಸುತ್ತಿನಲ್ಲಿ ಕಾರ್ಡು ಬದಲಾದದ್ದನ್ನು ಮುಖ್ಯವಾಗಿ ಹೇಳುತ್ತಿದ್ದುದೇ ಎಡಗೈಯ ಸ್ವರ. ಅದು ಕೇಳದಿದ್ದರೆ ಉಳಿಯುವುದು ಒಂದೊಂದು ಬೆರಳು ಸರಿಯುವ ಬಲಗೈ ಮಾತ್ರ. ನಾಲ್ಕು ಕಾರ್ಡೂ ಒಂದೇ ಅನ್ನಿಸಿಬಿಡುತ್ತವೆ. ಇದಕ್ಕೆ ಮದ್ದು ವಾಲ್ಯೂಮ್ ಏರಿಸುವುದಲ್ಲ. ಬಾಸಿಗೆ ದುಂಡನೆಯ ಮೆತ್ತನೆಯ ಸದ್ದು ಇಡಬೇಡಿ, ಸಾ-ಟೂತಿನಂಥ ಗರಗಸದ ಸದ್ದು ಇಡಿ. ಮೂಲ 66 ಹೊರಗೆ ಬರದಿದ್ದರೂ ಅದರ ಆರರಷ್ಟು, ಏಳರಷ್ಟು, ಎಂಟರಷ್ಟು ಅದುರುವಿಕೆಗಳು ತುತ್ತೂರಿಯಿಂದ ದಾಟಿ ಬರುತ್ತವೆ. ಅವುಗಳ ನಡುವಿನ ಅಂತರ ಹಿಡಿದು ನಮ್ಮ ಕಿವಿ ಇಲ್ಲದ 66ನ್ನು ತಾನೇ ಕಟ್ಟಿಕೊಳ್ಳುತ್ತದೆ. ಅದೂ ಸಾಲದೆಂದರೆ ಬಾಸ್ ಸ್ವರವನ್ನು ಒಂದು ಸಪ್ತಕ ಮೇಲೆ ಜೋಡಿಸಿ, ಬಲಗೈಯಿಂದ ಒಂದು ಸ್ವರ ಕಮ್ಮಿ ಮಾಡಿ. ಕಮ್ಮಿ ಮಾಡುವಾಗ ಪ ಕಾರ್ಡಿನಲ್ಲಿ ಸಾ ಬಿಡಬಹುದು, ಮ ಕಾರ್ಡಿನಲ್ಲಿ ಪ ಬಿಡಬಹುದು. ಗಾಂಧಾರ ಮಾತ್ರ ಬಿಡಬೇಡಿ.